ಫೋಲ್ಡರಿನಲ್ಲಿ ಯಾರೋ ಇದ್ದಾರೆ

ಸೆಪ್ಟೆಂಬರ್ 2, ಸೋಮವಾರ. ಸಂಜೆ

ಬೆಳಿಗ್ಗೆ ಚೆಂಡುಗಳಿಗೆಲ್ಲ ಗಾಳಿ ತುಂಬಿದ್ದಾಯಿತು. ಪಂಪಿನ ಪೈಪು ಮತ್ತೆ ಸೋರುತ್ತಿದೆ. ಟೇಪು ಸುತ್ತಿದೆ. ಹೈಜಂಪಿನ ಹಾಸಿಗೆಯನ್ನು ಬಿಸಿಲಿಗೆ ಎಳೆದು ಹಾಕಿದೆ. ಆಮೇಲೆ ಸ್ಟಾಫ್ ಮೀಟಿಂಗು. ಅಲ್ಲಿ ನನ್ನ ಗಾಳಿಯನ್ನೇ ತೆಗೆದರು.

ಒಂಬತ್ತನೇ ಕ್ಲಾಸಿನ ಆಟದ ಪಿರಿಯಡ್ ಕಿತ್ತು ಗಣಿತಕ್ಕೆ ಕೊಡಬೇಕಂತೆ. ಬುಧವಾರದ್ದೂ, ಶುಕ್ರವಾರದ್ದೂ. ಮಾತು ಎತ್ತಿದವರು ಲೆಕ್ಕದ ಮೇಷ್ಟ್ರು. ದಿನಾ ನನ್ನ ಪಕ್ಕದಲ್ಲೇ ಕೂತು ನನ್ನ ಬಿಸ್ಕತ್ತು ತಿನ್ನುವ ಮನುಷ್ಯ! ಎದ್ದು ನಿಂತು ಕೂಗಿದೆ. ಗಂಟಲು ಮೈದಾನದ್ದು, ರೂಮು ಅಂಗೈಯಗಲದ್ದು. ಹೊರಗೆ ಕಾರಿಡಾರಿನಲ್ಲಿ ಮಕ್ಕಳು ನಿಂತುಬಿಟ್ಟರಂತೆ.

ಹೆಡ್‌ಮಿಸ್ ಕನ್ನಡಕ ಒರೆಸುತ್ತಾ ಕೂತಿದ್ದರು. "ಕೂಗಿದ್ರೆ ಆಗಲ್ಲ ಸರ್. ಆಟ ಒಳ್ಳೇದು ಅಂತ ನೀವಂದ್ರೆ ಸಾಲದು, ಆಧಾರ ಬೇಕು. ಲೈಬ್ರರೀಲಿ ಅಷ್ಟೊಂದು ಡೇಟಾಬೇಸ್ ತರಿಸಿದೀವಿ, ಒಬ್ರೂ ಮುಟ್ಟಲ್ಲ. ಹುಡುಕಿ ತನ್ನಿ. ಇಪ್ಪತ್ಮೂರನೇ ತಾರೀಕು ಎರಡೂ ಕಡೆಯವರ ಮಾತು ಕೇಳಿ ತೀರ್ಮಾನ ಮಾಡ್ತೀನಿ. ಒಂಬತ್ತನೇ ಕ್ಲಾಸಿಂದಾನೂ ಒಬ್ರು ಬಂದು ಮಾತಾಡ್ಲಿ."

ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಹೆಂಡತಿ "ಅಯ್ಯೋ ಪಾಪ" ಅಂದಳು. ಮಗಳು ತಟ್ಟೆ ನೋಡಿಕೊಂಡೇ ನಕ್ಕ ಹಾಗಿತ್ತು. ನಮ್ಮ ದೊರೆಸಾನಿಯೂ ಒಂಬತ್ತನೇ ಕ್ಲಾಸೇ. ಪಿ.ಟಿ. ಮೇಷ್ಟ್ರ ಮಗಳು, ಆದರೆ ಆಟ ಅಂದರೆ ಕಷಾಯ ಕುಡಿದವಳ ಮುಖ. ದೀಪದ ಬುಡದಲ್ಲೇ ಕತ್ತಲೆ ಅಂತ ಸುಮ್ಮನೆ ಅನ್ನುವುದಿಲ್ಲ.

ಬಿ.ಪಿ. ನೋಡಿದ ಡಾಕ್ಟರು ಹೇಳಿದ್ದಾರೆ — ಸಿಟ್ಟು ಬಂದಾಗ ಬಾಯಿ ತೆಗೆಯಬೇಡಿ, ಪೆನ್ನು ತೆಗೆಯಿರಿ. ಅದಕ್ಕೇ ಈ ಪುಸ್ತಕ. ಇವತ್ತು ತುಂಬಾ ಒತ್ತಿ ಬರೆದಿದ್ದೇನೆ, ಕೆಳಗಿನ ಹಾಳೆಗೂ ಅಚ್ಚು ಬಿದ್ದಿದೆ.


ಸೆಪ್ಟೆಂಬರ್ 3, ಮಂಗಳವಾರ

ಲೈಬ್ರರಿಗೆ ಹೋದೆ. ಈ ಶಾಲೆಗೆ ಸೇರಿದ ಮೇಲೆ ಅಲ್ಲಿಗೆ ಹೋಗಿದ್ದೆಲ್ಲ ಚೆಂಡು ಕಿಟಕಿಯೊಳಗೆ ಹೋದಾಗ ಮಾತ್ರ. ಬಾಗಿಲಲ್ಲೇ ಲೈಬ್ರರಿ ಮೇಡಂ ಕೈ ಚಾಚಿದರು. ನನ್ನ ಕೊರಳಿನ ಸೀಟಿ ಬಿಚ್ಚಿಸಿ ಡ್ರಾಯರಿನಲ್ಲಿ ಹಾಕಿದರು.

"ಹೋಗೋವಾಗ ಕೊಡ್ತೀನಿ."

ಚಿಕ್ಕ ಮಕ್ಕಳ ಹತ್ತಿರ ನಾನು ಗೋಲಿ ಕಿತ್ತುಕೊಂಡ ಹಾಗೇ ಆಯಿತು.

ಮೂಲೆಯ ಕಂಪ್ಯೂಟರು. ಪಾಸ್‌ವರ್ಡನ್ನು ಮಾನಿಟರಿಗೇ ಅಂಟಿಸಿದ್ದಾರೆ. ಇದು ಸುಮ್ಮನೆ ಇಂಟರ್‌ನೆಟ್ಟಿನಲ್ಲಿ ಹುಡುಕಿದ ಹಾಗಲ್ಲವಂತೆ. ಸಂಶೋಧನೆ ಮಾಡಿದವರು ಬರೆದದ್ದು, ಅದೇ ವಿಷಯ ತಿಳಿದ ಬೇರೆಯವರು ತಪ್ಪು ಹುಡುಕಿ ಹುಡುಕಿ ಒಪ್ಪಿದ ಮೇಲೆ ಅಚ್ಚಾದದ್ದು. ಒಳ್ಳೆಯದು. ನಾನು ಎರಡು ಬೆರಳಲ್ಲಿ ಟೈಪ್ ಮಾಡಿದೆ: ಆಟದ ಪಿರಿಯಡ್ ತೆಗೆದರೆ ಮಕ್ಕಳಿಗೆ ಏನೇನು ನಷ್ಟ ಆಗುತ್ತದೆ ದಯವಿಟ್ಟು ತಿಳಿಸಿ.

ಏನೂ ಬರಲಿಲ್ಲ. ಸೊನ್ನೆ.

"ಇದಕ್ಕೆ ಅರ್ಜಿ ಬರೀಬಾರ್ದು ಸರ್, ಪದ ಕೊಡ್ಬೇಕು," ಅಂದರು ಮೇಡಂ. "ಎರಡು ಪದದ ಮಧ್ಯೆ 'ಆ್ಯಂಡ್' ಹಾಕಿದ್ರೆ ಎರಡೂ ಇರೋದು ಮಾತ್ರ ಬರುತ್ತೆ. 'ಆರ್' ಹಾಕಿದ್ರೆ ಯಾವ್ದಿದ್ರೂ ಬರುತ್ತೆ."

"ಅಂದ್ರೆ ಮೊದಲನೇದು ರಿಲೇ, ಎರಡನೇದು ಜಾತ್ರೆ."

"ಹಾಗೇ ಅಂದ್ಕೊಳ್ಳಿ."

ಆಮೇಲೆ ಬಂತು ನೋಡಿ, ಸಾಲು ಸಾಲು! ವರ್ಷ ಆರಿಸಿದೆ. ಪೂರ್ತಿ ಲೇಖನ ಇರುವುದು ಮಾತ್ರ ಸಾಕು ಅಂದೆ. ಆಡುವ ಮಕ್ಕಳ ನಿದ್ದೆ, ಆಡುವ ಮಕ್ಕಳ ಗಮನ, ಆಟಕ್ಕೆ ಸಮಯ ಕೊಟ್ಟರೂ ಮಾರ್ಕ್ಸು ಇಳಿಯಲಿಲ್ಲ ಅನ್ನುವ ಒಂದು ದೊಡ್ಡ ಅಧ್ಯಯನ. ನಕ್ಷತ್ರದ ಗುರುತು ಒತ್ತಿದರೆ ಫೋಲ್ಡರಿಗೆ ಹೋಗಿ ಕೂರುತ್ತದೆ. ಒಳ್ಳೊಳ್ಳೆಯದನ್ನು ಆರಿಸಿ ಒತ್ತಿದೆ. ಲೆಕ್ಕದ ಮೇಷ್ಟ್ರಿಗೆ ಇಪ್ಪತ್ಮೂರನೇ ತಾರೀಕು ಬೆವರಿಳಿಸುತ್ತೇನೆ. ಖುಷಿಯಲ್ಲಿ ಸೀಟಿ ಮರೆತೇ ಬಂದಿದ್ದೇನೆ.


ಸೆಪ್ಟೆಂಬರ್ 5, ಗುರುವಾರ

ವಿಚಿತ್ರ. ಫೋಲ್ಡರಿನಲ್ಲಿ ನಾನು ಇಡದ ಲೇಖನಗಳು ಬಂದು ಕೂತಿವೆ. "ಆಟದ ತರಗತಿಯಲ್ಲಿ ಅವಮಾನ" ಅಂತ ಒಂದು. "ಹದಿಹರೆಯದ ಹುಡುಗಿಯರು ಆಟ ಬಿಡುವುದೇಕೆ" ಅಂತ ಇನ್ನೊಂದು. ನಾನು ಕೇಳಿದ್ದು ಒಂದು, ಇದು ಕೊಡುವುದು ಒಂದು. ಮಿಷನ್ನೇ ಸಲಹೆ ಕೊಡುತ್ತಿರಬೇಕು. ಅಂಗಡಿಯವನು ಸೋಪು ಕೇಳಿದರೆ ಶಾಂಪೂ ತೋರಿಸುವುದಿಲ್ಲವೇ, ಹಾಗೆ. ಡಿಲೀಟ್ ಒತ್ತಿದೆ.

ಸಂಜೆ ದೊರೆಸಾನಿ ಲ್ಯಾಪ್‌ಟಾಪಿನ ಮುಂದೆ ಹಲ್ಲು ಕಚ್ಚಿ ಕೂತಿದ್ದಳು. ಏನು ಅಂದರೆ "ಸಮಾಜದ ಪ್ರಾಜೆಕ್ಟು" ಅಂದಳು. ಓದಲಿ. ಓದಿನಲ್ಲಿ ಅವಳಿಗೆ ಸಾಟಿ ಇಲ್ಲ, ಅದು ಅವಳ ಅಮ್ಮನ ಕಡೆಯಿಂದ ಬಂದದ್ದು.


ಸೆಪ್ಟೆಂಬರ್ 6, ಶುಕ್ರವಾರ

ಒಂಬತ್ತನೇ ಕ್ಲಾಸಿನ ಪಿರಿಯಡ್. ಎಂದಿನಂತೆ ಇಬ್ಬರು ಕ್ಯಾಪ್ಟನ್‌ಗಳು ನಿಂತು ಒಬ್ಬೊಬ್ಬರನ್ನೇ ಕರೆದು ತಂಡ ಕಟ್ಟಿದರು. ಇದು ನನ್ನದೇ ಪದ್ಧತಿ. ಮೇಷ್ಟ್ರು ಆರಿಸಿದರೆ ಪಕ್ಷಪಾತ ಅನ್ನುತ್ತಾರೆ, ಮಕ್ಕಳೇ ಆರಿಸಿಕೊಂಡರೆ ಯಾರ ತಕರಾರೂ ಇಲ್ಲ.

ದೊರೆಸಾನಿ ಮತ್ತೆ ಚೀಟಿ ತಂದಳು. ಕಾಲು ನೋವಂತೆ. ಅಮ್ಮನ ಸಹಿ. ಎಲ್ಲರ ಎದುರು ಏನೂ ಅನ್ನಲಿಲ್ಲ. ಹೋಗಿ ಗೋಡೆ ಪಕ್ಕ ಕೂತಳು.

ಆಮೇಲೆ ಲೈಬ್ರರಿ. ಮೈ ಉರಿದುಹೋಯಿತು. ನಾನು ಇಟ್ಟದ್ದು ಒಂದೂ ಇಲ್ಲ! ನಾನು ಅಳಿಸಿದವು ವಾಪಸು ಬಂದಿವೆ, ಜೊತೆಗೆ ನೆಂಟರನ್ನೂ ಕರೆದುಕೊಂಡು. ಸೀದಾ ಮೇಡಂ ಮೇಜಿಗೆ ಹೋದೆ.

"ನಿಮ್ಮ ಮಿಷನ್ ಗಣಿತದ ಕಡೆ ಸೇರ್ಕೊಂಡಿದೆ ಮೇಡಂ."

ಅವರು ಯಾಕೋ ತುಟಿ ಕಚ್ಚಿಕೊಂಡರು. "ಅದಕ್ಕೆ ಪಕ್ಷ ಇಲ್ಲ ಸರ್. ನೀವು ಹುಡುಕೋದನ್ನ ನಿಲ್ಲಿಸ್ಬೇಡಿ. ಚೆನ್ನಾಗಿ ಹುಡುಕ್ತೀರಿ ಈಗ."

ಹೊಗಳಿದರು ಅಂತ ಸಿಟ್ಟು ಅರ್ಧ ಇಳಿಯಿತು. ಎಲ್ಲವನ್ನೂ ಮತ್ತೆ ಹುಡುಕಿ ಇಟ್ಟೆ. ಶತ್ರುಗಳನ್ನು ಅಳಿಸಿದೆ.


ಸೆಪ್ಟೆಂಬರ್ 9, ಸೋಮವಾರ

ಮತ್ತೆ ಮಾಯ. ಇದು ಮಿಷನ್ ಕೆಲಸ ಅಲ್ಲ, ಮನುಷ್ಯರ ಕೆಲಸ. ಟೀ ಹೊತ್ತಿನಲ್ಲಿ ಲೆಕ್ಕದ ಮೇಷ್ಟ್ರನ್ನು ಹಿಡಿದೆ.

"ನೇರ ಆಡಿ ಸ್ವಾಮಿ. ನನ್ನ ಫೋಲ್ಡರಿಗೆ ಯಾಕೆ ಕೈ ಹಾಕ್ತೀರಿ?"

"ಯಾವ ಫೋಲ್ಡರು?"

"ಲೈಬ್ರರೀದು."

"ನಾನ್ಯಾಕ್ರೀ ಅಲ್ಲಿಗೆ ಹೋಗ್ಲಿ? ಹೋದ ವರ್ಷದ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ನಿಂತ್ರೆ ಸಾಕು, ಅದೇ ಆಧಾರ," ಅಂದು ನನ್ನ ಬಿಸ್ಕತ್ತಿಗೆ ಕೈ ಹಾಕಿದರು. ನಂಬಿದೆ. ಬಿಸ್ಕತ್ತು ಕದಿಯುವವರು, ಆದರೆ ಸುಳ್ಳು ಹೇಳುವವರಲ್ಲ.

ಮನೆಗೆ ಬಂದರೆ ದೊರೆಸಾನಿಯ ಮುಖವೂ ಊದಿತ್ತು. "ಅಪ್ಪ, ಸ್ಕೂಲ್ ಲೈಬ್ರರಿ ಸಿಸ್ಟಂಗೆ ವೈರಸ್ ಬಂದಿದೆ. ನಾನು ಸೇವ್ ಮಾಡಿದ್ದೆಲ್ಲಾ ಹೋಗಿದೆ!"

"ನಂದೂ ಅಷ್ಟೇ ಕಣೇ!"

"ನಿಂದೂನಾ? ಥೂ, ಎಂಥ ದರಿದ್ರ ಸಿಸ್ಟಂ ಅಪ್ಪ ಅದು."

"ದುಡ್ಡು ದಂಡ."

ಇಬ್ಬರೂ ಕೂತು ಸಮಾಧಾನ ಆಗುವಷ್ಟು ಬೈದೆವು. ಎಷ್ಟೋ ದಿನದ ಮೇಲೆ ಅಪ್ಪ-ಮಗಳು ಒಂದೇ ಮಾತಿಗೆ ತಲೆ ಆಡಿಸಿದ್ದು. ಬಹಳ ಹಿತವಾಯಿತು.


ಸೆಪ್ಟೆಂಬರ್ 10, ಮಂಗಳವಾರ

ಎದುರಾಳಿಯ ಆಟ ನೋಡದೆ ಮೈದಾನಕ್ಕೆ ಇಳಿಯಬಾರದು. ಮಕ್ಕಳಿಗೆ ಹೇಳುವ ಮಾತು, ನಾನೇ ಪಾಲಿಸಿರಲಿಲ್ಲ. ಅಳಿಸುವ ಮುಂಚೆ ಒಂದನ್ನು ತೆರೆದೆ. ಮೊದಲಿಗೆ ಸಾರಾಂಶ. ಅದನ್ನೋದಿ "ಹುಂ, ಹುರುಳಿಲ್ಲದ ಮಾತು" ಅಂದೆ. ಹಿಂದೆ ನಿಂತಿದ್ದ ಮೇಡಂ ಕೇಳಿಸಿಕೊಂಡರು.

"ಸಾರಾಂಶ ಓದಿ ತೀರ್ಪು ಕೊಡ್ಬೇಡಿ ಸರ್. ಒಳಗೂ ಹೋಗಿ ಬನ್ನಿ."

ಹೋದೆ. ವ್ಯಾಯಾಮ ಅಂದರೆ ಆಗದ ದೊಡ್ಡವರನ್ನು ಕೂರಿಸಿಕೊಂಡು, ಶಾಲೆಯ ಆಟದ ಪಿರಿಯಡ್ಡಿನಲ್ಲಿ ನೆನಪಿರುವುದೇನು ಅಂತ ಕೇಳಿದ್ದಾರೆ. ಬೇರೆ ಬೇರೆ ಊರು, ಬೇರೆ ಬೇರೆ ವಯಸ್ಸು. ಎಷ್ಟೋ ಜನ ಹೇಳಿರುವುದು ಒಂದೇ. ಕ್ಯಾಪ್ಟನ್‌ಗಳು ತಂಡ ಆರಿಸುವಾಗ ಕೊನೆಯವರೆಗೂ ನಿಂತದ್ದು. ಒಬ್ಬ ಹೆಂಗಸು ಹೇಳುತ್ತಾಳೆ — ಯಾರ ಮುಖವನ್ನೂ ನೋಡಲಾಗದೆ ನನ್ನ ಶೂಗಳನ್ನೇ ನೋಡುತ್ತಿದ್ದೆ, ಆ ಲೇಸುಗಳ ಗಂಟಿನ ಚಿತ್ರವನ್ನು ಈಗ ಕೇಳಿದರೂ ಬಿಡಿಸಿ ತೋರಿಸಬಲ್ಲೆ.

ಎದ್ದು ಹೋಗಿ ನೀರು ಕುಡಿದು ಬಂದೆ. ಮತ್ತೆ ಓದಿದೆ.

ನನ್ನ ಒಂಬತ್ತನೇ ಕ್ಲಾಸಿನಲ್ಲಿ ಕೊನೆಗೆ ಉಳಿಯುವವರು ಯಾರು ಅಂತ ಯೋಚಿಸಬೇಕಾಗಲೇ ಇಲ್ಲ. ದೊರೆಸಾನಿ. ಚೀಟಿ ತಂದ ದಿನ ಬಿಟ್ಟರೆ ಪ್ರತಿ ಸಲವೂ ಅವಳೇ. ನಾನು ಅಲ್ಲೇ ನಿಂತಿರುತ್ತೇನೆ, ಕೈಯಲ್ಲಿ ಚೆಂಡು ಹಿಡಿದು. ತಕರಾರಿಲ್ಲ ಅಂತ ಖುಷಿಪಡುತ್ತಾ.

ನನ್ನವನ್ನು ಮತ್ತೆ ಹುಡುಕಿ ಇಟ್ಟು, ಬಾಕಿ ಶತ್ರುಗಳನ್ನೆಲ್ಲ ಅಳಿಸಿದೆ. ಇದೊಂದನ್ನು ಅಳಿಸಲು ಕೈ ಬರಲಿಲ್ಲ. ಇರಲಿ ಅಂತ ಬಿಟ್ಟು ಬಂದೆ.


ಸೆಪ್ಟೆಂಬರ್ 11, ಬುಧವಾರ

ಇವತ್ತು ಕ್ಯಾಪ್ಟನ್‌ಗಳನ್ನು ಕರೆಯಲಿಲ್ಲ. ಕೆಂಪು, ನೀಲಿ ರಿಬ್ಬನ್ನು ಚೀಲದಲ್ಲಿ ಹಾಕಿ, ನೋಡದೆ ಒಂದೊಂದು ಎತ್ತಿಕೊಳ್ಳಿ ಅಂದೆ. ಚುರುಕಿನ ಹುಡುಗರು ಗೊಣಗಿದರು. ಗೊಣಗಲಿ. ದೊರೆಸಾನಿ ಚೀಟಿ ಕೊಟ್ಟು ಗೋಡೆ ಪಕ್ಕ ಕೂತಿದ್ದಳು. ಪುಸ್ತಕ ತೆರೆದಿತ್ತು, ಆದರೆ ನೋಡುತ್ತಿದ್ದದ್ದು ಚೀಲವನ್ನು.


ಸೆಪ್ಟೆಂಬರ್ 13, ಶುಕ್ರವಾರ

ನಗು ಇನ್ನೂ ನಿಂತಿಲ್ಲ. ಅಕ್ಷರಗಳು ವಕ್ರವಾಗಿ ಬರುತ್ತಿವೆ.

ಊಟದ ಬಿಡುವಿನಲ್ಲಿ ಲೈಬ್ರರಿಗೆ ಹೋದೆ. ಫೋಲ್ಡರ್ ತೆರೆದೆ. ನನ್ನವು ಎಲ್ಲಾ ಇದ್ದವು. ಉಸಿರು ಬಿಟ್ಟು ರಿಫ್ರೆಶ್ ಒತ್ತಿದೆ — ಒಂದು ಕಮ್ಮಿ. ಮತ್ತೆ ಒತ್ತಿದೆ — ಇನ್ನೊಂದು ಕಮ್ಮಿ! ಅಂದರೆ ಕಳ್ಳ ಇದೇ ಹೊತ್ತಿನಲ್ಲಿ, ಇಲ್ಲೇ ಎಲ್ಲೋ ಕೂತಿದ್ದಾನೆ. ಕಪಾಟಿನ ಆಚೆ ಕಡೆಯಿಂದ ಮೌಸಿನ ಸದ್ದು. ಟಕ್. ಟಕ್. ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಬಗ್ಗಿ ನೋಡಿದೆ.

ದೊರೆಸಾನಿ. ಪರದೆಯ ಮೇಲೆ ನನ್ನದೇ ಫೋಲ್ಡರು. ಬೆರಳು ಡಿಲೀಟಿನ ಮೇಲೆ.

"ಏಯ್!" ಅಂದೆ. ಮೈದಾನದ ಏಯ್. ಇಡೀ ಲೈಬ್ರರಿ ಎದ್ದು ನಿಂತಿತು.

ಅವಳೂ ಹಾರಿ ಎದ್ದಳು. ನನ್ನನ್ನು ನೋಡಿದಳು, ನನ್ನ ಹಿಂದೆ ಬೆಳಗುತ್ತಿದ್ದ ನನ್ನ ಪರದೆಯನ್ನು ನೋಡಿದಳು. "ಅಪ್ಪಾ! ವೈರಸ್ ನೀನಾ?"

ಅಲ್ಲಿ ಮೇಡಂ ಮೇಜಿನ ಮೇಲೆ ತಲೆ ಇಟ್ಟು ಭುಜ ಕುಲುಕಿಸುತ್ತಿದ್ದರು. ಅಳುತ್ತಿದ್ದಾರೆ ಅಂದುಕೊಂಡೆ. ನಗು! ಮೊದಲ ವಾರದಿಂದಲೇ ಗೊತ್ತಿತ್ತಂತೆ. "ಇಡೀ ಶಾಲೆಗೆ ಒಂದೇ ಲಾಗಿನ್ನು ಸರ್, ಒಂದೇ ಫೋಲ್ಡರು. ಬೋರ್ಡ್ ಬರೆದು ಹಾಕಿದೀನಿ. ನಿಮ್ಮಿಬ್ಬರ ತಲೆ ಮೇಲೇ ಇದೆ, ಇಬ್ರೂ ಕತ್ತೆತ್ತಿ ನೋಡ್ಲಿಲ್ಲ."

ಕತ್ತೆತ್ತಿ ನೋಡಿದೆವು. ಇತ್ತು. ದಪ್ಪ ಅಕ್ಷರ.

"ಹೇಳಬಾರ್ದಿತ್ತಾ ಮೇಡಂ?"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ. ಇಷ್ಟು ವರ್ಷದಲ್ಲಿ ಈ ಡೇಟಾಬೇಸ್ನ ಇಷ್ಟು ಆಸೆಯಿಂದ ಯಾರೂ ಹುಡುಕಿರ್ಲಿಲ್ಲ."

ಒಂಬತ್ತನೇ ಕ್ಲಾಸಿನ ಪರವಾಗಿ ಮಾತಾಡಲು ಆರಿಸಿರುವುದು ನನ್ನ ಮಗಳನ್ನೇ. ಆಟ ಬೇಡ ಅನ್ನುವ ಕಡೆಗೆ. ಸಮಾಜದ ಪ್ರಾಜೆಕ್ಟು ಅದೇ! ಮನೆಯಲ್ಲಿ ಹೆಂಡತಿ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. "ರೀ, ಒಂದೇ ಸೋಫಾದಲ್ಲಿ ಕೂತು ಇಬ್ರೂ ವೈರಸ್ಸಿಗೆ ಶಾಪ ಹಾಕ್ತಿದ್ರಲ್ಲಾ!"


ಸೆಪ್ಟೆಂಬರ್ 18, ಬುಧವಾರ

ನಾಲ್ಕೈದು ದಿನ ಬರೆದಿಲ್ಲ. ಸಿಟ್ಟೇ ಬಂದಿಲ್ಲ, ಏನು ಬರೆಯುವುದು?

ನಕ್ಕಿದ್ದೇನೋ ಆಯಿತು. ಆದರೆ ಒಂದು ಮಾತು ಕೇಳುವುದು ಬಾಕಿ ಇತ್ತು. ಇವತ್ತು ಸಂಜೆ ಬಟ್ಟೆ ಮಡಿಚುವಾಗ ಕೇಳಿದೆ. ಅವಳು ಒಂದು ತುದಿ, ನಾನು ಒಂದು ತುದಿ, ಮಧ್ಯೆ ಹೊದಿಕೆ.

"ಶೂ ಲೇಸಿನ ಹೆಂಗಸಿನ ಲೇಖನ... ನೀನೇ ಇಟ್ಟಿದ್ದಾ?"

"ಹೂಂ. ಓದಿದ್ಯಾ?"

"ಓದಿದೆ."

"ಸಾರಾಂಶನಾ?"

"ಪೂರ್ತಿ. ಅಡಿಟಿಪ್ಪಣಿ ಸಮೇತ."

ಅವಳು ಹೊದಿಕೆಯ ತುದಿ ಜೋಡಿಸುತ್ತಾ ಅಂದಳು: "ಹೋದ ವಾರ ಎಲ್ಲಾ ಹೋಯ್ತು ಅಪ್ಪ, ಅದೊಂದು ಮಾತ್ರ ಹಾಗೇ ಉಳಿದಿತ್ತು. ಈ ವೈರಸ್ಸಿಗೂ ಒಂಚೂರು ಮನಸ್ಸಿದೆ ಅಂದ್ಕೊಂಡಿದ್ದೆ."

ಹೊದಿಕೆಯನ್ನು ಮಡಿಚಿದ್ದೇ ಮಡಿಚಿದ್ದು, ಕೊನೆಗೆ ಕರವಸ್ತ್ರದಷ್ಟಾಯಿತು.

"ನಿಂಗೂ ಹಾಗೇ ಆಗ್ತಿತ್ತಾ ಪುಟ್ಟ?" ಅಂದೆ.

"ಕಾಲು ನೋವು ಅಂತ ಅಮ್ಮನ ಹತ್ರ ಸಹಿ ಹಾಕಿಸ್ಕೊಳ್ಳೋದು ಸುಲಭ," ಅಂದಳು. ಅಷ್ಟೇ. ಹತ್ತಿರ ಬಂದು ಹಣೆಯನ್ನು ನನ್ನ ತೋಳಿಗೆ ಒತ್ತಿ ಹೋದಳು. ಅವಳು ಚಿಕ್ಕವಳಿದ್ದಾಗ ಹಾಗೆ ಮಾಡುತ್ತಿದ್ದಳು.


ಸೆಪ್ಟೆಂಬರ್ 20, ಶುಕ್ರವಾರ

ಎರಡು ದಿನದಿಂದ ಒಂದೇ ಕಂಪ್ಯೂಟರಿನ ಮುಂದೆ ಎರಡು ಕುರ್ಚಿ. ಪ್ರಶ್ನೆಯನ್ನೇ ಬದಲಾಯಿಸಿದ್ದೇವೆ. ಆಟ ಬೇಕೋ ಬೇಡವೋ ಅಂತಲ್ಲ — ನಿಧಾನದ ಮಕ್ಕಳನ್ನು ಮೈದಾನಕ್ಕೆ ವಾಪಸು ಕರೆತರುವುದು ಯಾವುದು ಅಂತ. ಪದಗಳು ಅವಳವು. ಬಂದ ಲೇಖನಗಳಲ್ಲಿ ಯಾವುದು ನಿಜವಾದ ಮೈದಾನದಲ್ಲಿ ನಡೆಯುತ್ತದೆ, ಯಾವುದು ಕಾಗದದ ಮೇಲೆ ಮಾತ್ರ ಅನ್ನುವುದು ನನ್ನ ಪಾಲು. ಒಂದು ಕಡೆ ನಾನು "ಇದು ಆಗೋ ಮಾತಲ್ಲ" ಅಂದೆ. ಅವಳು ಪುಟ ಸರಿಸಿ, ಅವರು ಮಾಡಿ ತೋರಿಸಿದ್ದನ್ನು ಕಣ್ಣ ಮುಂದೆ ಹಿಡಿದಳು. ಅದನ್ನೂ ಪಟ್ಟಿಗೆ ಸೇರಿಸಿದೆ.

ಮಕ್ಕಳಿಗೇ ಆಟ ಆರಿಸಲು ಬಿಡುವುದು. ಚಿಕ್ಕ ಗುಂಪು. ಎಲ್ಲರೂ ಒಟ್ಟಿಗೇ ಆಡುವುದು, ಸಾಲಾಗಿ ನಿಂತು ನೋಡುವುದಿಲ್ಲ. ಓಟದಲ್ಲಿ ಪಕ್ಕದವನ ಜೊತೆ ಪೈಪೋಟಿ ಇಲ್ಲ, ತನ್ನ ಹೋದ ವಾರದ ಓಟದ ಜೊತೆ ಮಾತ್ರ.

"ಹಾಗಾದ್ರೆ ಸೋಮವಾರ ನನ್ನ ಕಡೆ ಮಾತಾಡ್ತೀಯಾ?" ಅಂತ ಮೆಲ್ಲಗೆ ಕೇಳಿದೆ.

"ಇಲ್ಲಪ್ಪ. ಆಟ ಬೇಡ ಅನ್ನೋರು ಸೇರಿ ನನ್ನನ್ನ ಆರಿಸಿದ್ದು. ಅವ್ರಿಗೆ ಮಾತು ಕೊಟ್ಟಿದೀನಿ."

ನ್ಯಾಯವೇ. ಸೋತರೂ ಇವಳ ಕೈಲೇ ಸೋಲುತ್ತೇನೆ. ಅದಕ್ಕೂ ಯಾಕೋ ಖುಷಿಯೇ ಆಗುತ್ತಿದೆ. ಆದರೆ ಪಿರಿಯಡ್ ಹೋದರೆ... ಬೇಡ. ಬರೆಯುವುದಿಲ್ಲ.


ಸೆಪ್ಟೆಂಬರ್ 23, ಸೋಮವಾರ

ಮೊದಲು ಲೆಕ್ಕದ ಮೇಷ್ಟ್ರು. ಮಾರ್ಕ್ಸ್ ಕಾರ್ಡುಗಳು, ಗ್ರಾಫು. ಚೆನ್ನಾಗಿಯೇ ಮಾತಾಡಿದರು.

ಆಮೇಲೆ ನಾನು. ಕೂಗಲಿಲ್ಲ. ಸೀಟಿ ಇನ್ನೂ ಲೈಬ್ರರಿಯ ಡ್ರಾಯರಿನಲ್ಲೇ ಇತ್ತು. ಆಟಕ್ಕೆ ಸಮಯ ಕೊಟ್ಟದ್ದರಿಂದ ಮಾರ್ಕ್ಸು ಬೀಳಲಿಲ್ಲ ಅಂತ ತೋರಿಸಿದೆ. ಕೊನೆಗೆ ಶೂ ಲೇಸಿನ ಹೆಂಗಸಿನ ಮಾತು ಓದಿದೆ. "ಇದು ನನ್ನ ಪಿರಿಯಡ್ಡಲ್ಲೂ ನಡೀತಿತ್ತು. ನಿಲ್ಲಿಸಿದೀನಿ. ಪಿರಿಯಡ್ ಉಳಿದ್ರೆ ಬೇರೆ ಥರ ಮಾಡ್ತೀನಿ," ಅಂದು, ಹೊಸ ಥರ ಹೇಗೆ ಅಂತ ಹೇಳಿ ಕೂತೆ. ಓಟದ ಗೆರೆಯಲ್ಲಿ ಕೂಡಾ ಇಷ್ಟು ಬೆವರಿರಲಿಲ್ಲ.

ದೊರೆಸಾನಿ ಎದ್ದಳು. ಕೈಯಲ್ಲಿ ಹಾಳೆಗಳ ಕಟ್ಟು.

"ಮೇಡಂ, ನಮ್ಮ ಕ್ಲಾಸಲ್ಲಿ ಅರ್ಧದಷ್ಟು ಜನಕ್ಕೆ ಇಷ್ಟು ದಿನ ಇದ್ದ ಆಟದ ಪಿರಿಯಡ್ ಬೇಡ. ಯಾಕೆ ಬೇಡ ಅನ್ನೋದಕ್ಕೆ ಆಧಾರ ಇಲ್ಲಿದೆ." ಒಂದೊಂದಾಗಿ ಓದಿದಳು. ನನ್ನ ಪದ್ಧತಿಯನ್ನು ಹಿಟ್ಟು ಜರಡಿ ಹಿಡಿದ ಹಾಗೆ ಹಿಡಿದಳು. ಲೆಕ್ಕದ ಮೇಷ್ಟ್ರು ಮೀಸೆಯಲ್ಲೇ ನಗುತ್ತಿದ್ದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆಗ ಅವಳು ಹಾಳೆ ತಿರುಗಿಸಿದಳು.

"ಆದ್ರೆ ಮೇಡಂ, ಅದೇ ಸಂಶೋಧಕರು ಇನ್ನೊಂದು ಮಾತೂ ಹೇಳ್ತಾರೆ. ಆಟ ಬೇಡ ಅನ್ನೋ ಮಕ್ಕಳಿಗೇ ಅದು ಜಾಸ್ತಿ ಬೇಕಾಗಿರುತ್ತೆ. ಶನಿವಾರ ನಮ್ಮ ಕಡೆಯವ್ರನ್ನೆಲ್ಲಾ ಕೂರಿಸಿ ಇದನ್ನ ಓದಿದೆ. ಸರ್ ಈಗ ಹೇಳಿದ ಹೊಸ ಥರ ಆದ್ರೆ ನಿಮಗೆ ಓಕೆನಾ ಅಂತ ಕೇಳಿದೆ. ಎಲ್ಲಾ ಕೈ ಎತ್ತಿದ್ರು. ಅದಕ್ಕೆ ನಮ್ಮ ಕೋರಿಕೆ — ಹಳೇದನ್ನ ತೆಗೀರಿ. ಹೊಸದಕ್ಕೆ ಎರಡು ಪಿರಿಯಡ್ ಸಾಲಲ್ಲ, ಮೂರು ಕೊಡಿ."

ಲೆಕ್ಕದ ಮೇಷ್ಟ್ರ ಪೆನ್ನು ಉರುಳಿ ಹೋಯಿತು. ಹೆಡ್‌ಮಿಸ್ ಬಾಯಿಗೆ ಕೈ ಅಡ್ಡ ಹಿಡಿದರು. ಲೈಬ್ರರಿ ಮೇಡಂ ಹಿಂದಿನ ಸಾಲಿನಲ್ಲಿ ಒಬ್ಬರೇ ಚಪ್ಪಾಳೆ ಹೊಡೆದುಬಿಟ್ಟರು. ಸದ್ದು ಮಾಡಬಾರದು ಅಂತ ಜೀವಮಾನವೆಲ್ಲ ಹೇಳಿದವರು!

ತೀರ್ಮಾನ: ಮೂರು ಆಗುವುದಿಲ್ಲ. ಎರಡು ಇರುತ್ತದೆ, ಹೊಸ ಥರದಲ್ಲಿ. ವರ್ಷದ ಕೊನೆಗೆ ಮಕ್ಕಳನ್ನೇ ಕೇಳಿ ಮುಂದಿನದು. ಲೆಕ್ಕದ ಮೇಷ್ಟ್ರು ಕೈ ಕುಲುಕಿ, "ಮಗಳಿಗೆ ಗಣಿತದಲ್ಲಿ ಇಷ್ಟು ತರ್ಕ ಇದ್ದಿದ್ರೆ ನನಗೆ ಈ ಪಾಡೇ ಇರ್ಲಿಲ್ಲ," ಅಂದರು. ಇಡೀ ಬಿಸ್ಕತ್ತಿನ ಪೊಟ್ಟಣವನ್ನು ಅವರಿಗೇ ಕೊಟ್ಟೆ.


ಸೆಪ್ಟೆಂಬರ್ 25, ಬುಧವಾರ. ಸಂಜೆ

ಹೊಸ ಪಿರಿಯಡ್. ಮೂರು ಗುಂಪು — ಚೆಂಡು, ಹಗ್ಗ, ಓಟ. ಯಾರು ಯಾವುದಕ್ಕೆ ಬೇಕಾದರೂ ಹೋಗಬಹುದು. ದೊರೆಸಾನಿ ಹಗ್ಗದ ಕಡೆ ಹೋಗುತ್ತಾಳೆ ಅಂದುಕೊಂಡಿದ್ದೆ. ಓಟಕ್ಕೆ ಹೋದಳು. ನಾನು ಬೇಕಂತಲೇ ಚೆಂಡಿನ ಕಡೆ ಮುಖ ಮಾಡಿ ನಿಂತೆ. ಆದರೆ ಕಣ್ಣು ಕೇಳಬೇಕಲ್ಲ.

ನಿಧಾನವಾಗಿ ಓಡಿದಳು. ಮಧ್ಯೆ ನಡೆದಳು. ಮತ್ತೆ ಓಡಿದಳು. ಪಕ್ಕದ ಹುಡುಗಿ ಏನೋ ಹೇಳಿದ್ದಕ್ಕೆ ಇಬ್ಬರೂ ನಕ್ಕು ಸೊಂಟ ಹಿಡಿದು ನಿಂತರು. ನನ್ನ ಮೈದಾನದಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ಗಂಟೆ ಹೊಡೆಯುವುದು ಕೇಳಿಸಲಿಲ್ಲ ನನಗೆ, ಮಕ್ಕಳೇ ಬಂದು ಹೇಳಬೇಕಾಯಿತು.

ಮನೆಗೆ ಬಂದ ಮೇಲೆ ಅವಳಾಗಿಯೇ ಬಂದು ಕೂತಳು.

"ಇವತ್ತೂ ನಾನೇ ಕೊನೆ ಅಪ್ಪ."

"ಹೂಂ."

"ಆದ್ರೆ ಯಾರೂ ನೋಡ್ತಿರ್ಲಿಲ್ಲ. ಎಲ್ರೂ ಅವ್ರವ್ರ ಪಾಡಿಗೆ ಓಡ್ತಿದ್ರು."

"ನಾನು ನೋಡ್ತಿದ್ದೆ."

"ಗೊತ್ತು." ಸ್ವಲ್ಪ ಹೊತ್ತು ಕಾಲಿನ ಬೆರಳು ಎಳೆದುಕೊಂಡಳು. "ಹೇಗೆ ಓಡ್ದೆ?"

ಹುಟ್ಟಿದಾಗಿನಿಂದ ಇವತ್ತಿನವರೆಗೆ ಅವಳು ನನ್ನನ್ನು ಓಟದ ಬಗ್ಗೆ ಒಂದು ಮಾತು ಕೇಳಿದವಳಲ್ಲ. ಎಷ್ಟೋ ಉತ್ತರ ಒಟ್ಟಿಗೇ ನುಗ್ಗಿದವು. ಅಪ್ಪನ ಉತ್ತರ, ಮೇಷ್ಟ್ರ ಉತ್ತರ. ಕೊನೆಗೆ ನಿಜವನ್ನೇ ಹೇಳಿದೆ — ಹೆಜ್ಜೆ ಚೆನ್ನಾಗಿದೆ, ತೋಳು ಮಾತ್ರ ಅಡ್ಡ ಬೀಸುತ್ತೀಯ, ಅದಕ್ಕೇ ಬೇಗ ಸುಸ್ತಾಗುತ್ತದೆ. ಹೇಳಿದ ಮೇಲೆ ಹೆದರಿಕೆಯಾಯಿತು. ಅವಳು ಹುಬ್ಬು ಗಂಟು ಹಾಕಿ ಎದ್ದು ಹೋದಳು. ಕೆಟ್ಟೆ, ಬಾಯಿ ಬಿಡಬಾರದಿತ್ತು ಅಂತ ಬರೆಯಲು ಕೂತೆ.

ಈಗ ಹೊರಗಿನಿಂದ ಕೂಗುತ್ತಿದ್ದಾಳೆ. ಬೀದಿಯಲ್ಲಿ ಇನ್ನೂ ಬೆಳಕಿದೆಯಂತೆ. ತೋಳು ಹೇಗೆ ಬೀಸಬೇಕು ಬಂದು ತೋರಿಸು, ಬೇಗ ಬಾ ಅಪ್ಪ, ಅಮ್ಮನೂ ಓಡುತ್ತಾಳಂತೆ, ಚಪ್ಪಲಿ ಬಿಟ್ಟು ಸೆರಗು ಸಿಕ್ಕಿಸಿಕೊಂಡು ಗೇಟಿನ ಹತ್ತಿರ ನಿಂತಿ—